ಸುರೇಖಾ ಬರೆದ ಮೂರನೆಯ ಕಾಲಂ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಲಿಂಗಸುಗೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಬಸ್ ನಿಲ್ದಾಣದ ಹಿಂದಿನ ಟೈಪಿಂಗ್ ಶಾಲೆಯ ವಿರೂಪಾಕ್ಷಪ್ಪ ಮಾಸ್ತರು ಎಂದರೆ ಮೊದಲು ಹೇಳುವುದು ಅದನ್ನೇ. ಮೂವತ್ತೆಂಟು ವರ್ಷ ಕಲಿಸಿದ್ದೇನೆ. ಬೆರಳು ತಪ್ಪಿದರೆ ಸ್ಕೇಲಿನಿಂದ ಬಾರಿಸಿದ್ದೇನೆ. ಬಾರಿಸಿಕೊಂಡವರೆಲ್ಲ ಇವತ್ತು ತಾಲ್ಲೂಕು ಕಚೇರಿಯಲ್ಲಿ, ಕೋರ್ಟಿನಲ್ಲಿ ಕುರ್ಚಿ ಹಿಡಿದು ಕೂತಿದ್ದಾರೆ, ಎದುರಿಗೆ ಸಿಕ್ಕರೆ ಎದ್ದು ನಿಂತು ನಮಸ್ಕಾರ ಮಾಡುತ್ತಾರೆ. ಆ ನಮಸ್ಕಾರ ತಿಂದು ತಿಂದೇ ನನ್ನ ತಲೆ ತಿರುಗಿದ್ದು. ಸುರೇಖಾಳ ಬಗ್ಗೆ ಬರೆಯಲು ಕೂತವನು ನನ್ನ ಪುರಾಣ ಯಾಕೆ ಬಿಚ್ಚಿದೆ ಎಂದರೆ, ಅವಳ ನಾಲ್ಕು ವರ್ಷ ಹಾಳಾದದ್ದು ಈ ತಲೆಯಿಂದ.

ಸುರೇಖಾ ತಾಲ್ಲೂಕು ಕಚೇರಿಯಲ್ಲಿ ಜವಾನನಾಗಿದ್ದ ಮುದುಕಪ್ಪನ ಮಗಳು. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವಳು. ಹದಿನೇಳನೆಯ ವಯಸ್ಸಿಗೆ ನನ್ನ ಹತ್ತಿರ ಟೈಪಿಂಗ್ ಜೂನಿಯರ್ ಮಾಡಿದಳು. ಬೆರಳಲ್ಲಿ ವೇಗ ಇರಲಿಲ್ಲ, ಆದರೆ ಅವಳ ಹಾಳೆಯಲ್ಲಿ ಒಂದು ತಪ್ಪು ಹುಡುಕಬೇಕಾದರೆ ನನಗೆ ಸಾಕುಸಾಕಾಗುತ್ತಿತ್ತು. ಆಮೇಲೆ ಬಿ.ಎಸ್ಸಿ., ಬಿ.ಇಡಿ. ಮುಗಿಸಿ ಮಸ್ಕಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸಲು ಸೇರಿದಳು. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಮಷಿನ್ ನಡೆಸುತ್ತಿದ್ದ ಸುನೀಲನ ಜೊತೆ ಮದುವೆಯಾಯಿತು. ಬುದ್ಧನ ಪಟದ ಮುಂದೆ ಹತ್ತೇ ನಿಮಿಷದಲ್ಲಿ ಮುಗಿದ ಮದುವೆ. ಊಟದ ಪಂಕ್ತಿ ಮಾತ್ರ ಸಂಜೆಯವರೆಗೆ ನಡೆಯಿತು. ಅವತ್ತು ಮುದುಕಪ್ಪ ನನ್ನ ಕೈ ಹಿಡಿದುಕೊಂಡು, "ಮಾಸ್ತರ, ಆಕಿ ನಿಮ್ಮ ಮಾತು ಮೀರಂಗಿಲ್ರಿ. ಏನರ ತೊಡಕು ಬಂದ್ರ ನೀವ ದಾರಿ ತೋರಸ್ರಿ" ಎಂದಿದ್ದ. ಮರುವರ್ಷವೇ ತೀರಿಕೊಂಡ.

2019ರಲ್ಲಿ ಸುನೀಲನೂ ಹೋದ. ಗಿರಣಿಯಿಂದ ಬೈಕಿನಲ್ಲಿ ಬರುವಾಗ ಕಾಲುವೆ ತಿರುವಿನಲ್ಲಿ ಲಾರಿ ಹೊಡೆಯಿತು. ಮಗಳು ಗೌತಮಿಗೆ ಆಗ ಮೂರೂವರೆ ವರ್ಷ. ಸುರೇಖಾ ಮಸ್ಕಿಯಲ್ಲಿ ಒಂದು ಖೋಲಿ ಹಿಡಿದಳು. ಶಾಲೆ ಮುಂಜಾನೆ ಎಂಟಕ್ಕೆ ಶುರು, ಆಮೇಲೆ ಮನೆಪಾಠ, ಖೋಲಿಗೆ ಬರುವುದು ಸಂಜೆ ಏಳಕ್ಕೆ. ಕೂಸನ್ನು ಯಾರು ನೋಡಬೇಕು? ಸುನೀಲನ ತಾಯಿ ಅಮರಮ್ಮ ಸಿಂಧನೂರಿನ ಹತ್ತಿರದ ಹಳ್ಳಿ ವಳಕಮದಿನ್ನಿಯಲ್ಲಿ ಒಬ್ಬಳೇ ಇದ್ದಳು, ಭತ್ತದ ಗದ್ದೆಗಳಿಗೆ ನಾಟಿ, ಕಳೆ ಎಂದು ಕೂಲಿಗೆ ಹೋಗುತ್ತಿದ್ದಳು. ಕೂಸನ್ನು ಅವಳೇ ಎತ್ತಿಕೊಂಡಳು.

"ನನ್ನ ಮಗನ ಗುರ್ತು ಅಂತ ಉಳದಿದ್ದು ಇದೊಂದ ಐತಿ," ಎಂದಳಂತೆ ಅಮರಮ್ಮ. "ಹಂಗಂತ ನಾ ಇಟಗೊಳ್ಳಂಗಿಲ್ಲ. ಬರೋಬ್ಬರಿ ಒಂದು ಕೆಲಸ ಹಿಡಿ, ಕೂಸಿನ್ನ ಶಾಲಿಯಿಂದ ನೀನ ಕರಕೊಂಡು ಬರೋಹಂಗ ಇರ್ಲಿ. ಅವತ್ತು ಬಂದು ಕರಕೊಂಡು ಹೋಗು. ಅಡ್ಡ ಬರಂಗಿಲ್ಲ, ಮಾತು ಕೊಡ್ತೀನಿ."

ಅಂದಿನಿಂದ ಸುರೇಖಾಳಿಗೆ ಬದುಕು ಎಂದರೆ ಐತವಾರ, ವಾರಕ್ಕೊಂದು ರಜೆಯ ದಿನ. ಮಸ್ಕಿಯಿಂದ ಸಿಂಧನೂರಿಗೆ ಬಸ್ಸು, ಅಲ್ಲಿಂದ ಆಟೊ. ಕೈಯಲ್ಲಿ ಬಾಳೆಹಣ್ಣು, ಮಂಡಕ್ಕಿ. ಮಧ್ಯಾಹ್ನದ ಮೇಲೆ ಹೊರಟರೆ ಗೌತಮಿ ಕಾಲುವೆ ಸೇತುವೆಯವರೆಗೆ ಸೆರಗು ಹಿಡಿದು ಓಡಿ ಬರುತ್ತಿದ್ದಳಂತೆ. ಅಜ್ಜಿ ಎತ್ತಿಕೊಂಡು ಹೋಗಬೇಕು, ಅದು ಕಾಲು ಝಾಡಿಸಿ ಅಳಬೇಕು, ಇವಳು ಆಟೊದಲ್ಲಿ ಮುಖ ತಿರುಗಿಸಿ ಕೂರಬೇಕು.

2020ರಲ್ಲಿ ಶಾಲೆ ಮುಚ್ಚಿತು, ಪಗಾರ ನಿಂತಿತು. ಜುಲೈ ತಿಂಗಳಲ್ಲಿ ಸುರೇಖಾ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ನನ್ನ ಟೈಪಿಂಗ್ ಶಾಲೆಗೆ ಬಂದಳು. ನನ್ನಲ್ಲೂ ಯಾರೂ ಇರಲಿಲ್ಲ. ಹಳೆಯ ಮಷಿನುಗಳಿಗೆ ಬಟ್ಟೆ ಮುಚ್ಚಿ, ನಾನು ಮೂರು ಕಂಪ್ಯೂಟರ್ ಇಟ್ಟುಕೊಂಡು ಪಹಣಿ ತೆಗೆಯುವುದು, ಆನ್‌ಲೈನ್ ಅರ್ಜಿ ತುಂಬುವುದು ಮಾಡುತ್ತಿದ್ದೆ.

"ಸರ, ನಾ ಮಾಸ್ತರಕಿ ಬಿಡ್ತೀನ್ರಿ. ಕಂಪ್ಯೂಟರ್ ಲೈನಿಗೆ ಹೋಗ್ಬೇಕಂತ ಮಾಡೀನಿ," ಎಂದಳು.

"ಮೂವತ್ತೆರಡು ವರ್ಷದಾಕಿ, ಈಗೇನು ಹೊಸದಾಗಿ ಇಂಜಿನಿಯರ್ ಓದ್ತಿಯೇನು?"

"ಡಿಗ್ರಿ ಬ್ಯಾಡಂತ್ರಿ. ಸರ್ಟಿಫಿಕೇಟ್ ಪರೀಕ್ಷೆ ಅದಾವು. ಪಾಸಾದ್ರ ಕೆಲಸಕ್ಕ ತಗೋತಾರ. ಆದ್ರ ಬೇಕಾದಷ್ಟು ದಾರಿ ಅದಾವ್ರಿ, ಯಾವುದು ಹಿಡೀಬೇಕು ತಿಳೀವಲ್ದು. ಅಪ್ಪ ಇದ್ದಿದ್ರ ನಿಮ್ಮ ಹಂತ್ಯಾಕ ಕಳಸ್ತಿದ್ದ."

ಆ ಕೊನೆಯ ಮಾತಿಗೆ ನಾನು ಉಬ್ಬಿದೆ. ಅವಳು ಹಳೆಯ ಪ್ರಶ್ನೆಪತ್ರಿಕೆಯ ಬೆನ್ನ ಮೇಲೆ ಬರೆದುಕೊಂಡು ಬಂದಿದ್ದಳು. ಗಣಿತದ ಟೀಚರ್ ಅಲ್ಲವೇ, ಗೆರೆ ಎಳೆದು ಕಾಲಂ ಮಾಡಿದ್ದಳು. ಎಡಕ್ಕೆ ಐದು ದಾರಿಗಳ ಹೆಸರು: ಕಂಪ್ಯೂಟರ್ ರಿಪೇರಿ ಮತ್ತು ಹೆಲ್ಪ್ ಡೆಸ್ಕ್, ನೆಟ್‌ವರ್ಕಿಂಗ್, ಕ್ಲೌಡ್, ಸಾಫ್ಟ್‌ವೇರ್ ಟೆಸ್ಟಿಂಗ್, ಡೇಟಾ. ಮೊದಲ ಕಾಲಮ್ಮಿನಲ್ಲಿ ಎಷ್ಟು ತಿಂಗಳು ಓದಬೇಕು ಎಂಬುದು. ಎರಡನೆಯದರಲ್ಲಿ ಯಾವ ಊರಿನಲ್ಲಿ ಕೆಲಸ ಸಿಗುತ್ತದೆ ಎಂಬುದು. ಮೂರನೆಯದೊಂದಿತ್ತು. ನಾನು ಅದರ ಮೇಲೆ ಬೆರಳಿಟ್ಟುಕೊಂಡೇ ಕಾಗದ ಹಿಡಿದಿದ್ದೆ, ಓದಲಿಲ್ಲ.

"ನನಗ ಮೊದಲನೇದು ಬರೋಬ್ಬರಿ ಅನಸ್ತೈತ್ರಿ," ಎಂದಳು. "ಎಂಟು ತಿಂಗಳಿಗೆ ಮುಗೀತೈತಿ. ಕಂಪ್ಯೂಟರ್ ಕೆಟ್ರ ಜನ ಫೋನ್ ಮಾಡ್ತಾರ, ಹಿಂಗ ಮಾಡ್ರಿ ಹಂಗ ಮಾಡ್ರಿ ಅಂತ ಹೇಳೋದು. ಸಿಂಧನೂರಾಗ ಅಂಥಾ ಆಫೀಸ್ ಆಗ್ಯಾವು."

"ಥೂ! ಫೋನ್ ಎತ್ತೋ ಕೆಲಸಕ್ಕ ಬಿ.ಎಸ್ಸಿ. ಓದಿದೇನು?" ಎಂದು ಮೇಜು ಗುದ್ದಿದೆ. "ನೆಟ್‌ವರ್ಕಿಂಗ್ ಮಾಡು. ಅದು ಸೀನಿಯರ್. ಇದು ಜೂನಿಯರ್."

ಇಲ್ಲಿ ನನ್ನ ರೋಗ ಹೇಳಿಬಿಡಬೇಕು. ಟೈಪಿಂಗಿನಲ್ಲಿ ಜೂನಿಯರ್, ಸೀನಿಯರ್ ಎಂದು ಎರಡು ಪರೀಕ್ಷೆ. ನನ್ನ ಮೊದಲ ತಂಡದಲ್ಲಿ ಇಸ್ಮಾಯಿಲ್‌ಸಾಬ್ ಎಂಬ ಹುಡುಗನಿದ್ದ. ಬಂಗಾರದಂಥ ಕೈ. ಜೂನಿಯರ್ ಪಾಸಾದ ವಾರಕ್ಕೇ ನಕಲುಗಾರನ ಕೆಲಸ ಸಿಕ್ಕಿತೆಂದು ಓಡಿಹೋದ. ಸೀನಿಯರ್ ಮಾಡಲೇ ಇಲ್ಲ. ಅವನಾದ ಮೇಲೆ ಕಲಿತವರು ಅವನ ತಲೆ ಮೇಲೆ ಹತ್ತಿ ಕೂತರು. ಅವನು ರಿಟೈರಾಗುವ ದಿನದವರೆಗೂ ನಕಲುಗಾರನೇ. ಕೆಲಸಕ್ಕೆ ಸೇರಿ ಆರೇಳು ವರ್ಷವಾದಾಗಲೇ ಒಮ್ಮೆ ನನ್ನ ಮುಂದೆ ಕೂತು, "ನೀವು ಅವತ್ತ ಕೆನ್ನಿಗೆ ಎರಡು ಬಾರಿಸಿ ನಿಲ್ಲಿಸಬೇಕಿತ್ರಿ ಮಾಸ್ತರ" ಎಂದು ಅತ್ತಿದ್ದ. ಅಂದಿನಿಂದ ನನ್ನ ಶಾಲೆಯಲ್ಲಿ ಒಂದು ಕಾನೂನು: ಸೀನಿಯರ್ ಕೈಗೆ ಬರುವವರೆಗೆ ಯಾರೂ ಕೆಲಸದ ಅರ್ಜಿ ಹಾಕುವಂತಿಲ್ಲ. ಮೂವತ್ತು ವರ್ಷ ಆ ಕಾನೂನು ನಡೆಸಿದೆ, ಬಹಳ ಮಂದಿ ಅದರಿಂದ ಮೇಲೆ ಬಂದರು. ಸುಳ್ಳಲ್ಲ.

ಸುರೇಖಾಳಿಗೂ ಅದೇ ಕಾನೂನು ಹಾಕಿದೆ. ಮೊದಲು ಹೆಲ್ಪ್ ಡೆಸ್ಕಿನದು ಮಾಡಲಿ, ಬೇಡವೆನ್ನಲಿಲ್ಲ. ಅದರ ಬೆನ್ನಿಗೆ ನೆಟ್‌ವರ್ಕಿಂಗ್. ಎರಡೂ ಕೈಯಲ್ಲಿ ಹಿಡಿದುಕೊಂಡೇ ಹೊಸ್ತಿಲು ದಾಟಬೇಕು. ಅವಳು ಕಾಗದ ಮಡಚುತ್ತ, "ಬಾಳ ದಿನ ಆಗ್ತಾವಲ್ರಿ ಸರ" ಎಂದಳು. "ಮನ್ಯಾಗ ಅಡಗಿ ಮಾಡಿದಂಗಲ್ಲ ಇದು, ವಿದ್ಯೆ. ದಿನ ಹಿಡೀತೈತಿ" ಎಂದೆ. ಅವಳು ತಲೆಯಾಡಿಸಿದಳು. ಕಾಗದವನ್ನು ನನ್ನ ಮೇಜಿನ ಮೇಲೆಯೇ ಬಿಟ್ಟುಹೋದಳು. ನಾನು ಅದನ್ನು ಡ್ರಾಯರಿಗೆ ತಳ್ಳಿದೆ.

ಓದಿದಳಪ್ಪ ಓದಿದಳು! ವಾರಕ್ಕೆ ಮೂರು ದಿನ ಮಸ್ಕಿಯಿಂದ ಬಂದು ನನ್ನ ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. 2021ರ ಮಾರ್ಚಿನಲ್ಲಿ ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಬರೆದು ಒಂದೇ ಏಟಿಗೆ ಪಾಸಾದಳು. ಸರ್ಟಿಫಿಕೇಟನ್ನು ನಾನೇ ಬಣ್ಣದಲ್ಲಿ ಪ್ರಿಂಟ್ ತೆಗೆದೆ, ನಾನೇ ಲ್ಯಾಮಿನೇಶನ್ ಮಾಡಿಸಿದೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, "ಸರ, ಇದರ ಮ್ಯಾಲ ಮುಗಿಯೋ ತಾರೀಕು ಹಾಕ್ಯಾರ ನೋಡ್ರಿ. ಮೂರ ವರ್ಷ ಅಂತ" ಎಂದಳು.

ನನಗೆ ಉರಿದುಹೋಯಿತು. "ಏನ್ ಬೇ, ಹಾಲಿನ ಪಾಕೀಟೇನು ಇದು, ಕೆಟ್ಟುಹೋಗಾಕ? ನಿಮ್ಮ ಮಸ್ಕ್ಯಾಗ ಬಂಡೆಗಲ್ಲಿನ ಮ್ಯಾಲ ರಾಜ ಕೊರಸಿದ ಶಾಸನ ಎರಡು ಸಾವಿರ ವರ್ಷದಿಂದ ಹಂಗ ಐತಿ. ನನ್ನ ಸೀನಿಯರ್ ಸರ್ಟಿಫಿಕೇಟ್ ನಲವತ್ತು ವರ್ಷ ಆತು, ಯಾರರ ಒಬ್ಬರು ತಾರೀಕು ಕೇಳ್ಯಾರೇನು?"

"ಬರದಾರಲ್ರಿ..."

"ಬರೀತಾರ. ನಮ್ಮಲ್ಲಿ ಯಾವ ಅರ್ಜಿಗೆ ಕೊನೆ ತಾರೀಕು ಕೊನೇದಾಗೈತಿ ಹೇಳು? ಹದಿನೈದು ದಿನ ಮುಂದ ಹಾಕ್ತಾರ, ಮತ್ತ ಒಂದು ತಿಂಗಳು ಮುಂದ ಹಾಕ್ತಾರ. ನೀ ಅದರ ಫಿಕರ್ ಬಿಡು, ಸೀನಿಯರ್ ಓದು."

ನಾನು ನಗೆಯಾಡಲಿಲ್ಲ, ನಂಬಿಯೇ ಹೇಳಿದೆ. ಅರ್ಜಿ ತುಂಬುತ್ತ ಮುದುಕನಾದವನು ನಾನು. ಕೊನೆಯ ದಿನಾಂಕ ಎಂದರೆ ಜನ ನಿಧಾನವಾಗಿ ಕಾಗದ ಹೊಂದಿಸಲು ಶುರು ಮಾಡುವ ದಿನ ಎಂದೇ ನಮ್ಮ ಕಡೆ ಲೆಕ್ಕ.

ಆ ವರ್ಷ ಸೆಪ್ಟೆಂಬರಿನಲ್ಲಿ ಮುಕ್ತಿಯಾರ್ ಫೋನ್ ಮಾಡಿದ. ಅವನೂ ನನ್ನ ಹತ್ತಿರ ಬಾರಿಸಿಕೊಂಡ ಶಿಷ್ಯನೇ. ಬ್ಯಾಂಕುಗಳ, ಅಕ್ಕಿ ಗಿರಣಿಗಳ ಕಂಪ್ಯೂಟರ್ ನೋಡಿಕೊಳ್ಳುವ ಒಂದು ಕಂಪನಿಯ ಸಿಂಧನೂರಿನ ಆಫೀಸಿಗೆ ಈಗ ಮ್ಯಾನೇಜರ್.

"ಸರ, ಸುರೇಖಾ ಅಕ್ಕ ಹೆಲ್ಪ್ ಡೆಸ್ಕ್ ಪರೀಕ್ಷೆ ಪಾಸಾಗ್ಯಾರಂತಲ್ರಿ? ನಮ್ಮಲ್ಲಿ ಒಂದು ಜಾಗ ಖಾಲಿ ಐತಿ. ಕಾಯಂ ಕೆಲಸ, ಹತ್ತರಿಂದ ಐದು. ಕಳಸ್ತೀರೇನ್ರಿ?"

"ಆಕಿ ಸೀನಿಯರ್ ಓದಾಕತ್ಯಾಳ. ಈಗ ಬರಂಗಿಲ್ಲ," ಎಂದೆ.

"ಕೆಲಸಕ್ಕ ಬಂದು ಓದಬಹುದಲ್ರಿ. ಒಂದು ಮಾತು ಅಕ್ಕನ್ನ ಕೇಳ್ರಿ ಸರ."

"ನಾ ಹೇಳಿದಂಗ ಕೇಳ್ತಾಳಪಾ ಆಕಿ. ಇಸ್ಮಾಯಿಲ್‌ಸಾಬನ ಗತಿ ಆಕೀಗೂ ಬರೋದು ಬ್ಯಾಡ. ಇಡು ಫೋನು."

ಇಟ್ಟ. ಆ ಹೊತ್ತಿಗೆ ಸುರೇಖಾ ಆರು ಹೆಜ್ಜೆ ದೂರದಲ್ಲಿ, ಕಿವಿಗೆ ವೈರ್ ಹಾಕಿಕೊಂಡು ಪಾಠ ಕೇಳುತ್ತಿದ್ದಳು. ಅವಳಿಗೆ ನಾನು ಹೇಳಲಿಲ್ಲ. ಹೇಳಿದರೆ ಮನಸ್ಸು ಅತ್ತಿತ್ತ ಆಗುತ್ತದೆ ಎಂದುಕೊಂಡೆ. ದೇವರಾಣೆ, ಅವಳ ಒಳ್ಳೆಯದಕ್ಕೇ ಎಂದುಕೊಂಡೆ.

ನೆಟ್‌ವರ್ಕಿಂಗ್ ಅವಳಿಗೆ ಹಿಡಿಸಿತ್ತು, ಅದೂ ನಿಜ. ನೆಟ್‌ವರ್ಕ್ ಎಂದರೆ ದೊಡ್ಡ ಕಾಲುವೆಯಿಂದ ಸಣ್ಣ ಕಾಲುವೆ, ಸಣ್ಣ ಕಾಲುವೆಯಿಂದ ತೂಬು, ತೂಬಿನಿಂದ ಹೊಲ. ಪ್ರತಿ ಹೊಲಕ್ಕೂ ಒಂದು ನಂಬರು, ನಂಬರು ತಪ್ಪಿದರೆ ನೀರು ಮಂದಿಯ ಗದ್ದೆಗೆ. ಹೀಗೆ ತನಗೆ ತಾನೇ ತಿಳಿಸಿಕೊಂಡಿದ್ದಳು. ಐತವಾರ ಸೇತುವೆ ಮೇಲೆ ಕೂತು ಗೌತಮಿಗೂ ಹೇಳಿದ್ದಳಂತೆ. "ಕೇಳಿ ಏನಂದ್ಲು ಗೊತ್ತೇನ್ರಿ ಸರ? ಹಂಗಾದ್ರ ಮಮ್ಮಿ, ಮಸ್ಕ್ಯಾಗಿನ ನಿನ್ನ ನಂಬರ್ ಎಷ್ಟು, ನಾ ತೂಬು ಎತ್ತಿದ್ರ ನೀ ಇಲ್ಲಿಗೆ ಹರದು ಬರ್ತಿಯೇನು ಅಂದ್ಲ್ರಿ." ಹೇಳಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡು ಕಂಪ್ಯೂಟರಿನ ಕಡೆ ತಿರುಗಿದಳು.

2022ರಲ್ಲಿ ಪರೀಕ್ಷೆ ಬರೆದಳು. ಸ್ವಲ್ಪದರಲ್ಲಿ ತಪ್ಪಿತು. ಲೆಕ್ಕ ಎಲ್ಲ ಸರಿಯಿತ್ತು, ಇಂಗ್ಲಿಷಿನ ಉದ್ದುದ್ದ ಪ್ರಶ್ನೆ ಓದಿ ಮುಗಿಸುವುದರೊಳಗೆ ಹೊತ್ತು ಮೀರಿತ್ತು. ಅಷ್ಟರಲ್ಲಿ ಶಾಲೆಯೂ ತೆರೆದಿತ್ತು. ಹಗಲೆಲ್ಲ ಅಲ್ಲಿ ದುಡಿದು ಬಂದು ಓದಬೇಕು. ಒಂದು ಸೋಮವಾರ ಬಂದವಳು, "ಸರ, ಗೌತಮಿ ಈಗ ಅಳಂಗಿಲ್ರಿ, ನಾ ಹೊಂಟ್ರ ಕೈ ಬೀಸಿ ಆಟಕ್ಕ ಹೋಗ್ತಾಳ" ಎಂದಳು. "ಚಲೋ ಆತು ಬಿಡು, ನೀ ನಿಶ್ಚಿಂತಿ ಓದಬಹುದು" ಎಂದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಪುಸ್ತಕ ತೆರೆದಳು. ಕತ್ತೆ ನಾನು, ಅವಳು ಯಾಕೆ ಹಾಗೆ ನೋಡಿದಳೆಂದು ಕೇಳಲೂ ಇಲ್ಲ.

2023ರ ಬೇಸಿಗೆಯಲ್ಲಿ ಅಮರಮ್ಮ ಗದ್ದೆಯ ಬದುವಿನಿಂದ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಸುರೇಖಾ ರಜೆಯ ಎರಡು ತಿಂಗಳು ವಳಕಮದಿನ್ನಿಯಲ್ಲೇ ಇದ್ದಳು. ಪುಸ್ತಕ ಮುಟ್ಟಲಿಲ್ಲ. ನಾನು ಫೋನಿನಲ್ಲಿ, "ಹಿಂಗ ಕುಂತ್ರ ಸೀನಿಯರ್ ಯಾವ ಕಾಲಕ್ಕ ಆಗಬೇಕು?" ಎಂದು ಜಬರಿಸಿದೆ. ಆ ಕಡೆಯಿಂದ ಕೂಸು ನಗುವುದು ಕೇಳಿಸುತ್ತಿತ್ತು. "ಹೂನ್ರಿ ಸರ, ಬರ್ತೀನಿ" ಎಂದಳು. ಜೂನಿನಲ್ಲಿ ಅವಳು ಮಸ್ಕಿಗೆ ಬಂದ ಮೇಲೆ, ಕೋಲು ಹಿಡಿದು ನಡೆಯುವ ಅಜ್ಜಿಗೆ ನೀರು ತರುವುದು, ಒಲೆ ಹಚ್ಚುವುದು ಎಲ್ಲ ಏಳು ವರ್ಷದ ಗೌತಮಿಯ ಪಾಲಿಗೆ ಬಂತು.

2024ರ ಜುಲೈಯಲ್ಲಿ ಮುಕ್ತಿಯಾರನ ಕಂಪನಿಯಲ್ಲಿ ಮತ್ತೆ ಜಾಗ ಖಾಲಿಯಾಯಿತು. ಈ ಸಲ ಅವಳೇ ಮೊಬೈಲಿನಲ್ಲಿ ನೋಡಿದಳು. ನನ್ನನ್ನು ಕೇಳಲಿಲ್ಲ. ಸೀನಿಯರ್ ಇನ್ನೂ ಆಗಿರಲಿಲ್ಲ, ಜೂನಿಯರನ್ನೇ ಎತ್ತಿಕೊಂಡು ನೇರ ಸಿಂಧನೂರಿಗೆ ಹೋದಳು. ಅವತ್ತು ಸಂಜೆ ಮುಕ್ತಿಯಾರ್ ನನಗೆ ಫೋನ್ ಮಾಡಿದ. ಧ್ವನಿ ಸಣ್ಣಗಾಗಿತ್ತು.

"ಸರ, ಅಕ್ಕಗ ಬರೋಬ್ಬರಿ ಉತ್ತರ ಬಂದುವ್ರಿ. ಆದ್ರ ಸರ್ಟಿಫಿಕೇಟ್ ನಂಬರ್ ಹಾಕಿ ನೋಡಿದ್ರ ಅವಧಿ ಮುಗದೈತಿ ಅಂತ ಬಂತು. ಮಾರ್ಚಿನ್ಯಾಗ ಮುಗದೈತಿ. ಬ್ಯಾಂಕಿನವರಿಗೆ ನಾ ನಂಬರ್ ಕೊಡಬೇಕ್ರಿ, ಸತ್ತ ನಂಬರ್ ನಡಿಯಂಗಿಲ್ಲ."

"ಮುಂದ ಹಾಕಂಗಿಲ್ಲೇನು?"

"ಇಲ್ರಿ. ಮುಗಿಯೋದ್ರೊಳಗ ಮ್ಯಾಲಿಂದು ಪಾಸಾಗಿದ್ರ ಇದೂ ಉಳೀತಿತ್ತು. ಈಗ ಮತ್ತ ಮೊದಲಿಂದ ಬರೀಬೇಕು." ಮತ್ತೆ ಅಂದ, "ಇನ್ನೊಂದು ಮಾತು ಸರ. ಮೂರು ವರ್ಷದ ಹಿಂದ ನಾನ ಕರದಿದ್ದೆ, ನೀವ ಬರಲಿಲ್ಲಲ್ಲ ಅಕ್ಕಾ ಅಂತ ಅಂದ್ಬಿಟ್ಟೆ. ಆಕೀಗೆ ಗೊತ್ತಿದ್ದಿಲ್ಲಂತ ನನಗ ಗೊತ್ತಿದ್ದಿಲ್ರಿ."

ನನ್ನ ಗುಟ್ಟು ಹೊರಬಿದ್ದಿತ್ತು. ಆದರೂ ಸೊಕ್ಕು ನೋಡಿ! ಮರುದಿನ ಸರ್ಟಿಫಿಕೇಟ್ ಕೊಡುವವರ ಸಹಾಯವಾಣಿಗೆ ಫೋನ್ ಹಚ್ಚಿ, ನನ್ನ ಹರಕು ಇಂಗ್ಲಿಷಿನಲ್ಲಿ ಒಂದು ತಿಂಗಳು ಮುಂದೆ ಹಾಕಿ, ಹೋಗಲಿ ಹದಿನೈದು ದಿನ ಹಾಕಿ ಎಂದು ಕೂಗಾಡಿದೆ. ಆ ಕಡೆಯ ಹೆಣ್ಣುಮಗಳು ಬಹಳ ಸಮಾಧಾನದಿಂದ ಆಗುವುದಿಲ್ಲ ಎಂದಳು. ಮೂರು ಸಲ ಕೇಳಿದೆ, ಮೂರು ಸಲವೂ ಅಷ್ಟೇ ಸಮಾಧಾನದಿಂದ ಅದನ್ನೇ ಹೇಳಿದಳು.

ಫೋನಿಟ್ಟು ಡ್ರಾಯರ್ ತೆರೆದೆ. ನಾಲ್ಕು ವರ್ಷದ ಹಿಂದಿನ ಆ ಕಾಗದ ತಳದಲ್ಲಿ ಇತ್ತು. ಮೂರನೆಯ ಕಾಲಮ್ಮಿನ ಮೇಲೆ ಅವಳು "ಗೌತಮಿ" ಎಂದು ಬರೆದು ಅಡಿಗೆರೆ ಹಾಕಿದ್ದಳು. ಕೆಳಗೆ ವಯಸ್ಸು. ಆಯಾ ದಾರಿ ಹಿಡಿದರೆ, ಕೂಸು ತನ್ನ ಹತ್ತಿರ ಬರುವಾಗ ಅದಕ್ಕೆ ಎಷ್ಟು ವರ್ಷವಾಗಿರುತ್ತದೆ ಎಂದು. ಹೆಲ್ಪ್ ಡೆಸ್ಕಿನ ಮುಂದೆ ಐದು. ನೆಟ್‌ವರ್ಕಿಂಗಿನ ಮುಂದೆ ಏಳು ಎಂದು ಬರೆದು ಪಕ್ಕಕ್ಕೆ ಪ್ರಶ್ನಾರ್ಥಕ ಚಿಹ್ನೆ. ಉಳಿದ ಮೂರರ ಮುಂದೆ "ಬೆಂಗಳೂರು, ಬೇಡ". ಐದು ಎಂಬ ಅಂಕಿಗೆ ಸುತ್ತ ಪೆನ್ಸಿಲಿನಿಂದ ದುಂಡಗೆ ಎಳೆದಿದ್ದಳು. ಅವಳು ನನ್ನ ಹತ್ತಿರ ದಾರಿ ಕೇಳಲು ಬಂದಿರಲೇ ಇಲ್ಲ, ದಾರಿ ಹುಡುಕಿಕೊಂಡೇ ಬಂದಿದ್ದಳು. ಹೂಂ ಅನ್ನಿಸಿಕೊಳ್ಳಲು ಮಾತ್ರ ಬಂದಿದ್ದಳು. ಅಲ್ಲೇ ಮಷಿನಿನ ಮೇಲೆ ತಲೆಯಿಟ್ಟು ಅತ್ತೆ. ಅರವತ್ತೈದು ವರ್ಷದ ಗಂಡಸು ಅಳಬಾರದು ಎನ್ನುವವರು ಬಂದು ನನ್ನ ಜಾಗದಲ್ಲಿ ಕೂರಲಿ.

ಎರಡು ದಿನದ ಮೇಲೆ ಸುರೇಖಾ ಬಂದಳು. ಬಾಯಿಗೆ ಬಂದಂತೆ ಬೈಯುತ್ತಾಳೆ, ಬೈಯಲಿ ಎಂದು ತಲೆ ತಗ್ಗಿಸಿ ಕೂತೆ. ಅವಳು ಕುರ್ಚಿ ಎಳೆದು, "ಸರ, ಹೆಲ್ಪ್ ಡೆಸ್ಕಿನ ಪರೀಕ್ಷೆಗೆ ಮತ್ತ ಅರ್ಜಿ ಹಾಕ್ರಿ" ಎಂದಳು. ಅಷ್ಟೇ.

"ಸುರೇಖಾ, ಮುಕ್ತಿಯಾರ್..."

"ಅರ್ಜಿ ಹಾಕ್ರಿ ಸರ."

ಹಾಕಿದೆ. ಪಠ್ಯ ಬದಲಾಗಿತ್ತು, ಹಳೆಯದು ಅರ್ಧಕ್ಕರ್ಧ ಬಿಟ್ಟುಹೋಗಿತ್ತು. ಅವಳು ಮತ್ತೆ ಮೊದಲ ಪುಟದಿಂದ ಕೂತಳು. ಐದು ತಿಂಗಳು ನನ್ನ ಕಣ್ಣೆದುರೇ ಕೂತು ಓದಿದಳು. ಚಹಾ ಕೊಟ್ಟರೆ ಕುಡಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಆ ವಿಷಯ ಮಾತ್ರ ಎತ್ತಲಿಲ್ಲ. ಇವತ್ತು ಬೈಯುತ್ತಾಳೆ, ನಾಳೆ ಬೈಯುತ್ತಾಳೆ ಎಂದು ನಾನು ಕಾದೆ. ಬೈದಿದ್ದರೆ ನನ್ನ ಜೀವ ಹಗುರಾಗುತ್ತಿತ್ತು. ಡಿಸೆಂಬರಿನಲ್ಲಿ ಪಾಸಾದಳು. ಫೆಬ್ರವರಿಯಲ್ಲಿ ಮುಕ್ತಿಯಾರ್ ಕೆಲಸಕ್ಕೆ ಕರೆದುಕೊಂಡ.

ಸಿಂಧನೂರಿನಲ್ಲಿ ಆಫೀಸಿಗೆ ಹತ್ತಿರ, ಶಾಲೆಗೆ ಇನ್ನೂ ಹತ್ತಿರ ಎರಡು ಖೋಲಿಯ ಮನೆ ಮಾಡಿದಳು. ಹೊಸ ಶಾಲಾ ವರ್ಷಕ್ಕೆ ಕಾದಳು. 2025ರ ಜೂನ್ ಮೊದಲ ವಾರ ನನಗೆ ಫೋನ್ ಮಾಡಿ, "ಗೌತಮಿನ್ನ ಕರಕೊಂಡು ಬರಾಕ ಹೊಂಟೀನ್ರಿ, ಅಪ್ಪನ ಜಾಗಾದಾಗ ನೀವು ಬರ್ರಿ" ಎಂದಳು. ಒಂದು ಸ್ಕೂಲ್ ಬ್ಯಾಗು ಕೊಂಡುಕೊಂಡು ಹೋದೆ. ಮನೆ ತೋರಿಸಿದಳು. ಗೋಡೆಗೆ ಬುದ್ಧನ ಪಟ, ಪಕ್ಕದಲ್ಲಿ ಸುನೀಲನ ಫೋಟೊ. ಒಳಗಿನ ಖೋಲಿಯಲ್ಲಿ ಒಂದು ಸಣ್ಣ ಮಂಚ, ಅದರ ಮೇಲೆ ಹೂವಿನ ಚಾದರ. ನೋಟ್‌ಬುಕ್ಕುಗಳಿಗೆ ರಟ್ಟು ಹಾಕಿ ಚೀಟಿ ಅಂಟಿಸಿ ಹೆಸರು ಬರೆದಿಟ್ಟಿದ್ದಳು.

ವಳಕಮದಿನ್ನಿಯಲ್ಲಿ ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ, ಗದ್ದೆಗಳು ಒಣಗಿ ಬಿರುಕು ಬಿಟ್ಟಿದ್ದವು. ಅಮರಮ್ಮ ಬಾಗಿಲಲ್ಲೇ ಕೂತಿದ್ದಳು. ಗೌತಮಿಯ ಬಟ್ಟೆ ಒಗೆದು ಮಡಚಿ ಒಂದು ಚೀಲದಲ್ಲಿ ತುಂಬಿಟ್ಟಿದ್ದಳು.

"ಬರ್ರಿ ಮಾಸ್ತರ್ರ," ಎಂದಳು. "ಮಾತು ಕೊಟ್ಟೀನಿ, ತಪ್ಪಂಗಿಲ್ಲ. ಕರಕೊಂಡು ಹೋಗು ಯವ್ವಾ ಸುರೇಖಾ. ಆಕಿ ಅಂಗಿ ಎಲ್ಲಾ ಇಟ್ಟೀನಿ. ಮುಂಜಾನಿ ಮಸರು ಇಲ್ಲದ ಉಣ್ಣಂಗಿಲ್ಲ, ನೆನಪಿಡು." ಅಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಗೌತಮಿ ಕೊಡ ಇಳಿಸಿ ಬಂದಳು. ಒಂಬತ್ತು ವರ್ಷದ ಹುಡುಗಿ, ಉದ್ದಕ್ಕೆ ಬೆಳೆದಿದ್ದಾಳೆ, ಥೇಟ್ ಮುದುಕಪ್ಪನ ಹುಬ್ಬು. ನನಗೆ ನಮಸ್ಕಾರ ಮಾಡಿದಳು, ತಾಯಿಯ ಪಕ್ಕ ಬಂದು ನಿಂತಳು. ಬ್ಯಾಗು ಕೊಟ್ಟೆ, ತೆಗೆದುಕೊಂಡು ಚೈನ್ ಎಳೆದು ನೋಡಿದಳು. ಸುರೇಖಾ ಅವಳ ತಲೆ ಸವರಿ, "ಹೋಗೋಣೇನು? ನಿನ್ನ ಮಂಚ ಹಾಕೀನಿ" ಎಂದಳು.

ಹುಡುಗಿ ಅಜ್ಜಿಯ ಕಡೆ ನೋಡಿದಳು. ಬ್ಯಾಗಿನ ಚೈನ್ ಹಾಕಿ ಮೆಲ್ಲಗೆ ನನ್ನ ಕೈಗೆ ವಾಪಸು ಕೊಟ್ಟಳು.

"ಮಮ್ಮಿ, ಅಜ್ಜಿಗೆ ಸೂಜಿಗೆ ದಾರ ಪೋಣಸಾಕ ಬರಂಗಿಲ್ಲ. ಕಣ್ಣು ಕಾಣಂಗಿಲ್ಲ ಆಕೀಗೆ. ನೀರು ತರಾಕೂ ಆಗಂಗಿಲ್ಲ," ಎಂದಳು. ಸುರೇಖಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಾಯಿಗೆ ಬೇಜಾರಾಯಿತೆಂದು ಹುಡುಗಿಗೆ ತಿಳಿಯಿತೇನೋ, ಅವಳ ಬಳೆ ಹಿಡಿದುಕೊಂಡು, ದೊಡ್ಡವರು ಸಣ್ಣವರನ್ನು ಸಮಾಧಾನ ಮಾಡುವ ಧ್ವನಿಯಲ್ಲಿ ಅಂದಳು, "ಅಳಬ್ಯಾಡ ಮಮ್ಮಿ. ನೀ ಐತವಾರ ಬರ್ತೀಯಲ್ಲ. ಐತವಾರ ಬಾ."

ಅಮರಮ್ಮ ಗೊಳೋ ಎಂದು ಅತ್ತು, "ಹೋಗ ಬೇ, ನಿಮ್ಮವ್ವ ಆಕಿ, ಹೋಗು" ಎಂದು ಹುಡುಗಿಯನ್ನು ಕೈಯಿಂದ ದೂಡಿದಳು. ಗೌತಮಿ ಅಲುಗಲಿಲ್ಲ. ಸುರೇಖಾ ಅತ್ತೆಯ ಕೈ ಹಿಡಿದು ನಿಲ್ಲಿಸಿದಳು. "ಬ್ಯಾಡ್ರಿ ಅತ್ತಿ, ದೂಡಬ್ಯಾಡ್ರಿ. ಆಕಿ ಹೇಳೋದು ಖರೆ ಐತಿ. ನೀವೂ ಬರ್ರಿ ಅಂದ್ರ ಬರ್ತೀರೇನು?" ಎಂದು ಕೇಳಿದಳು. "ನನ್ನ ಮಗನ್ನ ಹೂಳಿದ ಊರು ಬಿಟ್ಟು ಎಲ್ಲಿಗಿ ಬರ್ಲಿ ಯವ್ವಾ" ಎಂದಳು ಅಮರಮ್ಮ. ಬಟ್ಟೆಯ ಚೀಲವನ್ನು ಗೌತಮಿಯೇ ಎತ್ತಿ ಒಳಗಿಟ್ಟು ಬಂದಳು.

ಸಂಜೆಗೆ ಮುಂಚೆ ಹೊರಟೆವು. ಸೇತುವೆಯವರೆಗೆ ಗೌತಮಿ ಬಂದಳು. ಆಟೊ ಸಿಗಲಿಲ್ಲ, ಅಪರೂಪಕ್ಕೆ ಬರುವ ಬಸ್ಸೇ ಬಂತು. ಹುಡುಗಿ ಕೈ ಬೀಸಿದಳು, ಬಸ್ಸು ಹೊರಡುವ ಮೊದಲೇ ತಿರುಗಿ ಮನೆಯ ಕಡೆ ಓಡಿದಳು.

ಬಸ್ಸಿನಲ್ಲಿ ಸುರೇಖಾ ಕಿಟಕಿ ಪಕ್ಕ ಕೂತಳು, ನಾನು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವಳು ಕಿಟಕಿಯಾಚೆಯ ಒಣ ಗದ್ದೆಗಳನ್ನು ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗದೆ ಕೇಳಿದಳು.

"ಸರ, ಮುಕ್ತಿಯಾರ್ ಫೋನ್ ಮಾಡಿದ ದಿನ ನಾ ಎಲ್ಲಿದ್ದೆ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಅಲ್ಲೇ ಇದ್ದಿ ಯವ್ವಾ. ಆಕಡಿ ಕಂಪ್ಯೂಟರ್ ಮುಂದ," ಎಂದೆ.

"ಆವಾಗ ಆಕಿ ನಾ ಹೊಂಟ್ರ ಅಳ್ತಿದ್ಲ್ರಿ," ಎಂದಳು. ಧ್ವನಿ ಏರಲಿಲ್ಲ. "ನನ್ನ ಒಂದು ಮಾತು ಕೇಳಬೇಕಿತ್ತು ಸರ."

ತಪ್ಪಾಯಿತು ಎಂದೆ. ಬಸ್ಸಿನ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ, ಮತ್ತೆ ಹೇಳುವ ಧೈರ್ಯ ನನಗಾಗಲಿಲ್ಲ. ಸಿಂಧನೂರು ಬಂತು. ಇಳಿಯುವಾಗ ಅವಳು ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡು, "ಐತವಾರ ಒಯ್ದು ಕೊಡ್ತೀನ್ರಿ" ಎಂದಳು.